ಐದನೆಯ ಹಾಡಿನ ಜೋ ಜೋ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನಗೆ ಕೆಲಸ ಕೊಟ್ಟ ಬಾನುಲಿ ನಿರ್ದೇಶಕರೇ, ಮುಖ್ಯ ಅತಿಥಿಗಳೇ, ಬಾಗಿಲ ಬಳಿ ಕುಳಿತು ಎದ್ದುಹೋಗುವ ಲೆಕ್ಕದಲ್ಲಿರುವ ಸಭಿಕರೇ,

ಅತ್ತಿತ್ತ ಓಲಾಡುತ್ತಿದ್ದೇನೆ, ಕ್ಷಮಿಸಿ. ನಿಂತಲ್ಲಿ ನಿಲ್ಲುವ ಕಾಲು ನನಗಿಲ್ಲ, ಹಳೆಯ ಚಾಳಿ.

ನನ್ನ ಕಾರ್ಯಕ್ರಮ ನೂರು ವಾರ ಮುಗಿಸಿತೆಂದು ಈ ಫಲಕ ಕೊಟ್ಟಿದ್ದೀರಿ. ಲೋಕದ ಮೂಲೆಮೂಲೆಯಿಂದ ವಾರವಾರವೂ ಹೊಸ ಜನಪದ ಆಲ್ಬಮ್‌ಗಳು ಬರುತ್ತವೆ. ಮರುಭೂಮಿಯ ತಂತಿವಾದ್ಯ, ಮೀನುಗಾರರ ಕೊಳಲು, ಬೆಟ್ಟದ ಹೆಂಗಸರ ಗುಂಪುಗಾಯನ. ಕೇಳುತ್ತೇನೆ, ನಾಲ್ಕು ಮಾತು ಬರೆದು ಓದುತ್ತೇನೆ. ಆ ಭಾಷೆಗಳೆಲ್ಲ ನನಗೆ ಬರುತ್ತವೆಯೇ? ಒಂದೂ ಬರುವುದಿಲ್ಲ.

ಫಲಕದ ಮೇಲೊಂದು ಸಾಲಿದೆ: “ಮನೆಮನೆಯ ಮಕ್ಕಳನ್ನು ಮಲಗಿಸಿದ ಜೋಗುಳವನ್ನು ಪರಿಚಯಿಸಿದವರು.” ಆ ಸಾಲಿನ ಬಗ್ಗೆಯೇ ನನ್ನ ಮಾತು. ವಿಷಯ ಗೊತ್ತಿರುವ ನಿರ್ದೇಶಕರು ಈಗಷ್ಟೇ ವೇದಿಕೆಯ ಮೆಟ್ಟಿಲ ಬಳಿ ಕೈ ಹಿಡಿದು, “ಇವತ್ತೊಂದಿನ ಬಾಯಿ ಮುಚ್ಕೊಂಡಿರಪ್ಪ, ನಿನ್ನ ಹೊಸ ಕರಾರಿಗೆ ಇನ್ನೂ ಸಹಿ ಬಿದ್ದಿಲ್ಲ” ಎಂದರು. ಪ್ರೀತಿಯಿಂದಲೇ ಎಂದರು.

ಅದು ಹಿಮದ ನಾಡಿನ ಮುದುಕಿಯೊಬ್ಬಳ ಆಲ್ಬಮ್ಮಿನ ಐದನೆಯ ಹಾಡು. ಸಾಲು ಮುಗಿದಾಗಲೆಲ್ಲ “ಜೋ, ಜೋ” ಎನ್ನುತ್ತಾಳೆ. ನಿಧಾನ ಲಯ, ಹೆಣ್ಣು ದನಿ, ಮೇಲೆ ಜೋ ಜೋ. ಕನ್ನಡದ ಕಿವಿಗೆ ಇನ್ನೇನು ಬೇಕು? ಜೋಗುಳವೆಂದು ಬರೆದೇಬಿಟ್ಟೆ. ನನ್ನ ಅಕ್ಕನೂ ಅದನ್ನೇ ಹಾಕಿ ಮಗುವನ್ನು ಮಲಗಿಸಿದಳು. “ನಿನ್ನಿಂದ ಮನೆಗೆ ಇದೇ ಮೊದಲ್ನೇ ಉಪಕಾರ ಕಣೋ” ಎಂದಳು.

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಡುತ್ತಿದ್ದೆ. “ಏನಾದ್ರೂ ಗೀಚೋ, ಅರ್ಧ ಅಂಕ ಕೊಡ್ತೀನಿ” ಎಂದು ಮೇಷ್ಟ್ರು ಗೋಗರೆದರು. ಗೀಚಲಿಲ್ಲ, ನಪಾಸಾದೆ. ಅಪ್ಪ ಮೂರು ತಿಂಗಳು ಮಾತು ಬಿಟ್ಟರು. ಆಗ ಗೀಚದವನು ಈಗ ಯಾಕೆ ಗೀಚಿದೆ? ನೀವು ಹೊಗಳುತ್ತಿದ್ದಿರಿ. ಅದಕ್ಕೇ.

ನನ್ನ ಕಾರ್ಯಕ್ರಮದ ಸುದ್ದಿ ಹೇಗೋ ಅಲ್ಲಿಗೆ ಮುಟ್ಟಿ, ಹೋದ ವಾರ ಮುದುಕಿಯ ಮಗಳ ಪತ್ರ ಬಂತು, ಯಾರೋ ಅನುವಾದಿಸಿದ್ದು. ಅವರ ಮಾತಿನಲ್ಲಿ ‘ಜೋ’ ಎಂದರೆ ‘ಏಳು, ಎಚ್ಚರವಾಗಿರು’. ಹಿಮದಲ್ಲಿ ದಾರಿ ತಪ್ಪಿದಾಗ ಕಣ್ಣು ಮುಚ್ಚಿದ ಮಗು ಮತ್ತೆ ತೆರೆಯುವುದಿಲ್ಲವಂತೆ. ಯಾರಾದರೂ ಬರುವವರೆಗೆ ಎದೆಗವಚಿಕೊಂಡು, ನಿದ್ದೆ ಹೋಗದಂತೆ ತಾಯಿ ಹಾಡುವ ಹಾಡು ಅದು. “ಅಮ್ಮ ಹಾಡಿದಳು, ನಾನು ಉಳಿದೆ. ತಮ್ಮನ ಸರದಿಗೆ ಅವಳ ದನಿ ಬಿದ್ದುಹೋಗಿತ್ತು. ನಿಮ್ಮಲ್ಲಿ ಮಕ್ಕಳು ಇದನ್ನು ಕೇಳಿ ಮಲಗುತ್ತಾರೆಂದು ಅಮ್ಮನಿಗೆ ಹೇಳಲೇ, ಬೇಡವೇ?”

ಉತ್ತರ ಬರೆಯಲು ಕೂತು ಆರು ಕಾಗದ ಹರಿದೆ. ಏಳನೆಯದರಲ್ಲಿ, “ಅಮ್ಮನಿಗೆ ಹೇಳಿ, ತಪ್ಪು ನನ್ನದೆಂದೂ ಹೇಳಿ” ಎಂದು ಬರೆದೆ. ಅವರಿಗೊಂದು, ನಿಮಗೊಂದು ಹೇಳುವುದು ಹೇಗೆ? ಆ ಸಾಲು ಅಳಿಸುವವರೆಗೆ ಫಲಕ ಈ ಮೇಜಿನ ಮೇಲಿರಲಿ. ಕರಾರಿನ ವಿಚಾರ ನಿರ್ದೇಶಕರಿಗೆ ಬಿಟ್ಟದ್ದು.

ಮುಂದಿನ ಸಾಲಿನ ಕುರ್ಚಿಯಲ್ಲಿ ನನ್ನ ಅಕ್ಕ ಇದ್ದಾಳೆ, ಮಗು ಅವಳ ಮಡಿಲಲ್ಲಿ ಮಲಗಿದೆ. ಅವಳಿಗೂ ಈಗಲೇ ಗೊತ್ತಾಗುತ್ತಿದೆ. ಅಕ್ಕಾ, ಹಾಗೆ ನೋಡಬೇಡ. ಮಗುವನ್ನು ಎಬ್ಬಿಸಲೂ ಬೇಡ. ಅದು ಬೆಚ್ಚಗಿದೆ.

ಇಷ್ಟು ಹೊತ್ತು ಎದ್ದುಹೋಗದೆ ಕುಳಿತ ನಿಮಗೆಲ್ಲ ಋಣಿ. ನಮಸ್ಕಾರ.