ಬಿಚ್ಚದ ಹೊಲಿಗೆ

ಕಾರ್ಮಿಕ ನ್ಯಾಯಾಲಯದ ವರಾಂಡದಲ್ಲಿ ನನ್ನ ಪಕ್ಕ ಅಕ್ಕ-ತಂಗಿ ಕೂತಿದ್ದರು. ತಂಗಿ ತುಂಬು ಬಸುರಿ. ಕೈಯಲ್ಲಿ ಅಂಚು ಹೊಲಿದ ಕಾಗದದ ಕಟ್ಟು.

“ಕಾಗದಾನ ಯಾರಾದ್ರೂ ಮಿಷನ್ನಲ್ಲಿ ಹೊಲೀತಾರೇನೇ? ಗುಮಾಸ್ತ ಬಿಡಿಬಿಡಿಯಾಗಿ ಕೇಳ್ತಿದಾನೆ.”

“ಒಂದು ಹಾಳೆನೂ ಕಳೀಬಾರ್ದು ಅಂತ ನಿನ್ನೆ ಮನೇಲಿ ನಾನೇ ಹೊಲಿದೆ ಅಕ್ಕ.”

“ಲಾಯರ್ ಇಟ್ಕೊಂಡಿದ್ರೆ ಈ ಪೇಚಾಟ ಇರ್ತಿತ್ತಾ?”

“ಬಸುರಿ ಅಂತ ಗೊತ್ತಾದ ವಾರಕ್ಕೇ ಗಾರ್ಮೆಂಟ್ಸ್ ಕಂಪನಿಯವರು ಹೊಲಿಗೆ ಮಿಷನ್ ಬಿಡಿಸಿ ಕಸ ಗುಡಿಸೋಕೆ ಹಾಕಿದ್ರು. ಅದನ್ನ ಹೇಳೋಕೆ ನನ್ನ ಬಾಯಿ ಸಾಲ್ದಾ?”

“ಸರಿ, ಬೇಗ ಬಿಚ್ಚು. ಈಗ ಕೂಗ್ತಾರೆ.”

“ಕತ್ತರಿ ಬಾಗಿಲಲ್ಲೇ ಕಿತ್ಕೊಂಡ್ರು. ಹಲ್ಲಿಗೂ ಬಗ್ತಿಲ್ಲ.”

“ಕೊಡಿಲ್ಲಿ.” ಅಕ್ಕ ಎರಡೂ ಕೈಯಲ್ಲಿ ಜಗ್ಗಿದಳು. ಒಂದೆಳೆಯೂ ಅಲುಗಲಿಲ್ಲ.

“ಅಲ್ವೇ, ಕಂಪನಿಯವರು ಕೋರ್ಟಿಗೆ ಏನಂತ ಬರ್ಕೊಟ್ಟಿದಾರೆ?”

“ಬಸುರಿಯಾದ ಮೇಲೆ ನನ್ನ ಹೊಲಿಗೆ ಬಿಟ್ಕೊಳ್ಳತ್ತಂತೆ.”

ಒಳಗಿಂದ ಕರೆದರು. ಅಕ್ಕ ತಂಗಿಯ ರಟ್ಟೆ ಹಿಡಿದು ಎಬ್ಬಿಸಿ ಬಾಗಿಲತ್ತ ನಡೆಸಿದಳು.

“ಹಾಗೇ ಒಯ್ದು ಆ ಕಂಪನಿಯವರ ಕೈಗೇ ಕೊಡು. ಬಿಚ್ಚಿ ತೋರಿಸ್ಲಿ, ನೋಡೋಣ.”