ರಾಂಪುರಕ್ಕೆ ಹೆಣ್ಣು ನೋಡಲು ಹೊರಟ ರಾಂಪುರ

ಚಳ್ಳಕೆರೆ ಬಸ್ ನಿಲ್ದಾಣದ ಬೆಂಚಿನ ತುದಿಯಲ್ಲಿ ಚೌಡೇಶ್ವರಿ ತಲೆ ತಗ್ಗಿಸಿ ಕೂತಿದ್ದಳು. ಕಿವಿ ಮಾತ್ರ ಗುರುತಿಲ್ಲದ ಪಕ್ಕದವರ ಕಡೆಗಿತ್ತು. ಇಸ್ತ್ರಿ ಅಂಗಿ ತೊಟ್ಟ ಮಾರುತೇಶನೂ ಹೂವಿನ ಪೊಟ್ಟಣ ಹಿಡಿದಿದ್ದ ಅವನ ಸೋದರತ್ತೆ ಯರ್ರಮ್ಮನೂ ರಾಂಪುರಕ್ಕೆ ಹೆಣ್ಣು ನೋಡಲು ಹೊರಟಿದ್ದರು.

“ಅತ್ತೆ, ನಂಗೆ ಭಯ ಆಗ್ತೈತೆ.”

“ಯಾಕಲೇ? ಹೆಸರಿನ ಮುಂದೆ ರಾಂಪುರ ಅಂತ ಹಾಕ್ಕಂಡು ಮೆರೀತೀಯಲ್ಲ!”

“ಇಲ್ಲಿ ನಡೀತೈತೆ. ಹಾಡೋ ರಾಂಪುರ, ಪೇಪರಿನಾಗೆ ಬರೆಯೋ ರಾಂಪುರ, ಎಲ್ಲಾ ನಿಮ್ಮೋರಾ ಅಂತಾರೆ. ನಾನೂ ಹೂಂ ಅಂತ ಮೀಸೆ ತಿರುವ್ತೀನಿ. ಆ ಊರಾಗೆ ನಾಯೀನೂ ರಾಂಪುರದ್ದೇ. ಅಲ್ಲಿ ಮನೆತನದ ಹೆಸರು ಕೇಳ್ತಾರೆ.”

“ಕೇಳಿದ್ರೆ ಹೇಳು.”

“ಮಜ್ಜಿಗೆ ಕದ್ದೋರ ಮನೆಯೋನು ಅಂದ್ರೆ ಯಾರು ಹೆಣ್ಣು ಕೊಡ್ತಾರೆ? ನಂಗೆ ಮಗಳಿದ್ರೆ ನಾನೇ ಕೊಡ್ತಿರಲಿಲ್ಲ.”

ಯರ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

“ಹೆಣ್ಣಿನ ಕಡೆಯೋರು ಯಾರು ಗೊತ್ತಾ? ಗೊರಕೆಯೋರ ಮನೆಯೋರು. ಅವ್ರ ತಾತ ಪಂಚಾಯ್ತಿ ಕಟ್ಟೆ ಮ್ಯಾಲೇ ನಿದ್ದೆ ಹೊಡೆದ್ನಂತೆ. ಹುಡುಗನ ಮುಂದೆ ಆ ಹೆಸರು ಎತ್ತಬೇಡ್ರಿ ಅಂತ ಬೆಳಿಗ್ಗೆಯಿಂದ ಫೋನ್ ಮ್ಯಾಲೆ ಫೋನ್.”

ರಾಂಪುರದ ಮೇಲೆ ಹೋಗುವ ಬಳ್ಳಾರಿ ಬಸ್ಸು ಬಂತು. ಮಾರುತೇಶ ಅತ್ತೆಯನ್ನೂ ಹೂವನ್ನೂ ಅಲ್ಲೇ ಬಿಟ್ಟು ಸೀಟು ಹಿಡಿಯಲು ಓಡಿದ.