ಅರವತ್ತು ದಿವಸದ ನೀರು

...ಗಾಳಿ ಇತ್ತು ಕಾಕಾ, ಅವತ್ತು ಗಾಳಿ ಇತ್ತು! ಗಣೇಶಗುಡಿ ಊರಾಗ ಯಾರನ್ನರ ಕೇಳು. ಹೊಳಿ ದಂಡಿಮ್ಯಾಲಿನ ಆ ಬಿದಿರಿನ ಊಟದ ಮನಿ ಗಾಳಿಗೇ ಬಿತ್ತು. ನಾಳೆ ತಹಶೀಲ್ದಾರ್ ಬಂದು ಕೇಳಿದ್ರ ನೀ ಇಷ್ಟ ಹೇಳು. "ನಾ ದ್ಯಾಮಪ್ಪ ಮೇದಾರ. ಶೈಲಶ್ರೀ ಬಾಯಾರ ಕಡೆ ಇಪ್ಪತ್ತು ವರ್ಷದಿಂದ ಬಿದಿರಿನ ಮೇಸ್ತ್ರಿ. ಬಿದಿರು ಅರವತ್ತು ದಿವಸ ಹಳ್ಳದ ನೀರಾಗ ನೆನೆದಿತ್ತು. ಗಾಳಿಗೆ ಬಿತ್ತು." ಮುಗೀತು! ಎಲ್ಲಾ ಈ ಕಾಗದದಾಗ ಬರಕೊಂಡು ಬಂದೇನಿ, ನೀ ಒಂದು ಸಹಿ... ಯಾಕ ನಗ್ತಿ?

ನಗಬ್ಯಾಡ ಕಾಕಾ. ನಿನ್ನ ಹೆಂಡ್ತಿ ಕಾಶೆವ್ವ ಹೋಗಿ ಇನ್ನೂ ಹನ್ನೆರಡು ದಿವಸ ಆಗಿಲ್ಲ, ನೀ ಹಿಂಗ ನಕ್ಕರ ನನಗ ಹೆದರಿಕಿ ಆಗ್ತೈತಿ. ಆ ಬಿದಿರು ಸೀಳೂದನ್ನರ ನಿಂದ್ರಸು ಒಂದೀಟು. ಕಾಗದ ಇಲ್ಲೇ ನಿನ್ನ ಮಗ್ಗಲಕ್ಕ ಇಟ್ಟಿರ್ತೇನಿ.

ನನಗೂ ಸಂಕಟ ಐತಿ. ಕಾಶೆವ್ವ ನನಗ ಕರದು ಊಟಕ್ಕ ಹಾಕಿದಾಕಿ. ಹಳಿಯಾಳದಾಗ ನಾ ಮೊದಲನೇ ಮಣ್ಣಿನ ಮನಿ ಕಟ್ಟಿದಾಗ ಊರೆಲ್ಲಾ ನಕ್ಕಿತ್ತಲ್ಲ, ಇಷ್ಟ ಓದಿದಾಕಿ ಹುತ್ತ ಕಟ್ಟಾಕತ್ತಾಳ ಅಂತ! ಅವತ್ತ ನನ್ನ ಜೋಡಿ ಮಣ್ಣು ತುಳಿದಾಕಿ ಆಕಿ ಒಬ್ಬಾಕಿನ. ಆಮ್ಯಾಲೆ ದಾಂಡೇಲಿ ಸಾಲಿ, ಮುಂಡಗೋಡದ ಗ್ರಂಥಾಲಯ, ಜೋಯಿಡಾದ ದವಾಖಾನಿ... ಒಂದು ಚೀಲ ಸಿಮೆಂಟ್ ಮುಟ್ಟಲಿಲ್ಲ ನಾವು. ಈ ಊಟದ ಮನಿಗೆ ದಿಲ್ಲಿಯೊಳಗ ಪ್ರಶಸ್ತಿ ಕೊಟ್ಟಾಗ ಶೈಲಶ್ರೀ ಅಂತ ನನ್ನ ಹೆಸರು ಕೂಗಿದ್ರು, ಖರೆ. ಆದ್ರ ವೇದಿಕಿ ಮ್ಯಾಲೆ ನಿಮ್ಮಿಬ್ಬರ ಹೆಸರು ನಾ ಹೇಳಿದ್ದೆ! ...ಹೇಳಿದ್ದೆ ಅನಸ್ತೈತಿ.

ನಂದು ಬಿಡು. ನಂದೇನೈತಿ? ಬಿದಿರಿಗೆ ಹುಳ ಬಿದ್ದಿತ್ತು ಅಂತ ನಾಳೆ ಗೊತ್ತಾದ್ರ ಈ ಸೀಮಿಯೊಳಗ ಇನ್ನ ಯಾರರ ಬಿದಿರಿನ ಮನಿ ಕಟ್ಟಿಸ್ತಾರೇನು? ನಿಮ್ಮ ಓಣಿಯವರ ಕೈಗೆ ಕೆಲಸ ಸಿಗತೈತೇನು? ಅವರ ಸಲುವಾಗಿ ಕೇಳಾಕತ್ತೇನಿ ಕಾಕಾ, ಅವರ ಸಲುವಾಗಿ.

ಹುಳ... ಹಾಂ, ಅಂದೆ. ಬಾಯಿಗೆ ಬಂತು. ನೀ ನೋಡಿಯೇನು? ಬಿದ್ದ ತೊಲಿಯೊಳಗಿನ ಪುಡಿ ನೋಡಿಯೇನು? ಮಾರಿ ತಿರವಬ್ಯಾಡ, ಹೇಳು...

ಸರಿ. ಅರವತ್ತು ಆಗಿದ್ದಿಲ್ಲ. ನಿನ್ನ ಮುಂದ ಸುಳ್ಳು ಹೇಳಿ ಏನ್ ಮಾಡೂದು? ನೀರಾಗ ಕೊಳತು ನಾರಿ, ಅದರ ಸಿಹಿ ಎಲ್ಲಾ ಹೋಗೂತನಕ ಬಿದಿರನ್ನ ಹುಳ ಬಿಡೂದಿಲ್ಲ ಅಂತ ನನಗ ಕಲಿಸಿದಾವ ನೀನ. ಆದ್ರ ಆಗ ನೀ ಮುಂಡಗೋಡದ ಕೆಲಸದ ಮ್ಯಾಲೆ ಇದ್ದಿ. ಪ್ರಶಸ್ತಿಯವರು ನೋಡಾಕ ಬರೂ ದಿವಸ ಹತ್ರ ಬಂದಿತ್ತು, ಮನಿ ಇನ್ನೂ ಎದ್ದಿದ್ದಿಲ್ಲ. ಹದಿನೆಂಟು ದಿವಸಕ್ಕ ತಗಸಿದೆ! ಎಣ್ಣಿ ಹಚ್ಚಿಸಿದೆ, ಹೊಗಿ ಕೊಡಿಸಿದೆ... ನೀ ಬಂದು ನೋಡೂದ್ರಾಗ ಹಳೇ ಬಿದಿರಿನಂಗ ಕಾಣತಿತ್ತು. ಒಂದು ಮಳಿಗಾಲ ನಿಂತಿತ್ತಲ್ಲ ಕಾಕಾ! ಇನ್ನೊಂದು ನಿಂತೀತು ಅಂದ್ಕೊಂಡಿದ್ದೆ. ಮಳಿ ಹಿಡಿಯೂ ಮೊದಲ ಹಗ್ಗ ಬಿಗಿಯಾಕ ಆಕಿ ಒಳಗ ಹೋದಾಗನ ಬೀಳಬೇಕಾ ಅದು?

ಹಂಗ ನೋಡಬ್ಯಾಡ. ಆ ತೊಲಿ ಕಟ್ಟಿದಾಕಿ ಕಾಶೆವ್ವನ. ಆಕಿ ಬ್ಯಾಡ ಅನಬಹುದಿತ್ತು... ಇಲ್ಲ. ಅಂದಿದ್ಲು. "ನಮ್ಮ ಮನಿಯವರು ಹೂಂ ಅನ್ನೂತನಕ ಈ ಬಿದಿರಿಗೆ ನಾ ಗಂಟು ಹಾಕೂದಿಲ್ಲ ಬಾಯಾರ" ಅಂತ ಎರಡು ದಿವಸ ಕೈ ಕಟ್ಟಿ ಕುಂತಿದ್ಲು. ನಾ ಸಿಟ್ಟ ಮಾಡಿದೆ, ಕೈ ಹಿಡದು ಕೇಳಿದೆ, ಕೇಳಲಿಲ್ಲ. ಆಮ್ಯಾಲೆ... ಆಮ್ಯಾಲೆ ಒಪ್ಪಿದ್ಲು. ಹೆಂಗ ಅಂದ್ರ? ಒಪ್ಪಿದ್ಲು, ಅಷ್ಟ!

ಆಕಿ ಮೂರು ದಿವಸ ದವಾಖಾನ್ಯಾಗ ಇದ್ಲಲ್ಲ... ಮಾತಾಡಿದ್ಲೇನು? ನಾ ಬಂದಾಗ ಕಣ್ಣು ಮುಚ್ಚಿದ್ಲು. ನೀ ಇದ್ದಾಗ? ಕಾಕಾ, ಕೇಳಾಕತ್ತೇನಿ. ನಿನ್ನ ಜೋಡಿ ಏನರ ಮಾತಾಡಿದ್ಲೇನು?

ಕಾಕಾ...

ಕೇಳಿದ್ಲು. ನಿನ್ನ ಮಾರಿನ ಹೇಳ್ತೈತಿ, ಹೌದಲ್ಲ? ಇಷ್ಟು ದಿವಸ ಕೇಳದಾಕಿ ಅವತ್ತ "ನೀ ಯಾಕ ಹೂಂ ಅಂದಿ" ಅಂತ ಕೇಳಿದ್ಲು. ನೀ ಏನಂದಿ? ನಾ ಅಂದಿಲ್ಲ ಅಂತ ಹೇಳಬೇಕಿತ್ತಲ್ಲ! ಹೇಳಲಿಲ್ಲೇನು? ಸಾಯೂ ಜೀವದ ಜೋಡಿ ವಾದ ಯಾಕ ಅಂತ... ಹಿಂಗ, ಈಗ ಕುಂತಂಗ, ಸುಮ್ಮನ ಕುಂತಿದ್ಯಾ? ಆಕಿ ನೀನ ತಪ್ಪು ಮಾಡೀದಿ ಅಂತ ತಿಳಕೊಂಡ ಹೋದ್ಲಾ?

ಬೈ ಕಾಕಾ. ಒಂದು ಬೈಗುಳನರ ಬೈ ನನಗ! ಮುಂಡಗೋಡದಿಂದ ನೀ ಫೋನ್ ಮಾಡಿದ್ದಿಲ್ಲ. ಮಾಡಿ ಹೂಂ ಅಂದಾನ ಅಂತ ಆಕಿಗೆ ನಾನ ಹೇಳಿದ್ದೆ. ನಿನ್ನ ಹೆಸರು ಹೇಳಿದ ಕೂಡಲೆ ಆಕಿ ಮತ್ತೊಂದು ಮಾತು ಕೇಳಲಿಲ್ಲ... ಎದ್ದು, ಸೆರಗು ಸಿಗಿಸಿಕೊಂಡು, ಹಗ್ಗ ತಗೊಂಡು ಹೋದ್ಲು.